ಪರದೆಯ ಕೆಳಗಿನ ಚಪ್ಪಲಿ

ನಮ್ಮ ಅಂಗಡಿಯ ಒಳಕೋಣೆಗೆ ಬಾಗಿಲಿಲ್ಲ. ಒಂದು ಕೆಂಪು ಪರದೆ ಇದೆ. ಪರದೆ ಎಂದರೆ ದೊಡ್ಡ ಮಾತಾಯಿತು, ನನ್ನ ಹೆಂಡತಿ ಮಂಗಳಳ ಹಳೆಯ ಸೀರೆಯ ಅರ್ಧ ಅದು. ಅಳತೆ ತಪ್ಪಿ ಹೊಲಿಸಿದ್ದರಿಂದ ನೆಲಕ್ಕಿಂತ ಒಂದು ಗೇಣು ಮೇಲಕ್ಕೇ ನಿಂತುಬಿಡುತ್ತದೆ. ಹಾಗಾಗಿ ಒಳಗೆ ಕೂತವರಿಗೆ ಹೊರಗೆ ನಿಂತವರ ಪಾದ ಕಾಣುತ್ತದೆ, ಮುಖ ಕಾಣುವುದಿಲ್ಲ. ಪರದೆ ಎಳೆದಿದೆ ಎಂದರೆ ಒಳಗೆ ಯಾರೋ ಎಣಿಸುತ್ತಿದ್ದಾರೆ ಎಂದು ಅರ್ಥ. ಎಣಿಸುವವರನ್ನು ಮಾತಾಡಿಸಬಾರದು. ಅಂಗಡಿಗೆ ಬೆಂಕಿ ಬಿದ್ದರೂ ಮೊದಲು ನೀವೇ ಆರಿಸಲು ನೋಡಬೇಕು, ಆಮೇಲೆ ಕೂಗಬೇಕು.

ಏನು ಎಣಿಸುತ್ತೀರಿ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಸುಟ್ಟುಹೋದ ಮೋಟರುಗಳಿಗೆ ಮತ್ತೆ ತಂತಿ ಸುತ್ತುವುದು ನನ್ನ ಕಸುಬು. ಪಿರಿಯಾಪಟ್ಟಣದಲ್ಲಿ ಅಂಗಡಿ. ಪಂಪ್‌ಸೆಟ್ಟಿನ ಮೋಟರ್ ಸುಟ್ಟರೆ ಅದರ ಹೊಟ್ಟೆಯೊಳಗಿನ ತಾಮ್ರದ ತಂತಿಯನ್ನೆಲ್ಲ ಕಿತ್ತು, ಹೊಸ ತಂತಿಯನ್ನು ಸುರುಳಿ ಸುರುಳಿಯಾಗಿ ಸುತ್ತಿ ತುಂಬಬೇಕು. ಒಂದೊಂದು ಸುರುಳಿಗೂ ಇಷ್ಟೇ ಸುತ್ತು ಎಂದು ಲೆಕ್ಕವಿದೆ. ಜಾಸ್ತಿಯಾದರೆ ಮೋಟರ್ ಗುಂಯ್ ಎನ್ನುತ್ತದೆ, ನೀರೆತ್ತುವುದಿಲ್ಲ. ಕಡಿಮೆಯಾದರೆ ಮೊದಲ ದಿನ ಹುಮ್ಮಸ್ಸಿನಿಂದ ಓಡಿ ಎರಡನೆಯ ದಿನ ಹೊಗೆ ಬಿಡುತ್ತದೆ. ಕಿತ್ತ ಹಳೆಯ ಸುರುಳಿಯನ್ನು ಎಣಿಸಿದರೆ ಲೆಕ್ಕ ಸಿಗುತ್ತದೆ, ಆದರೆ ಎಷ್ಟೋ ಮೋಟರುಗಳಲ್ಲಿ ಅದು ಸುಟ್ಟು ಇದ್ದಿಲಾಗಿರುತ್ತದೆ. ಆದ್ದರಿಂದ ಯಾವ ಬಗೆಯ ಮೋಟರಿಗೆ ಎಷ್ಟು ಸುತ್ತು ಎಂಬುದನ್ನು ಪ್ರತಿಯೊಬ್ಬ ಮೇಸ್ತ್ರಿಯೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಹೆಂಡತಿಯ ಒಡವೆ ಎಲ್ಲಿದೆ ಎಂದು ನಮಗೆ ಗೊತ್ತಿಲ್ಲದಿರಬಹುದು, ಆ ನೋಟ್‌ಬುಕ್ ಎಲ್ಲಿದೆ ಎಂದು ಮಾತ್ರ ನಿದ್ದೆಯಲ್ಲೂ ಗೊತ್ತಿರುತ್ತದೆ.

ನಾನು ಅನುಮಾನದ ಮನುಷ್ಯ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಇನ್ನು ಎರಡು ಪುಟ ಓದುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. 'ಸೀಟಿದೆ ಬನ್ನಿ' ಎಂದು ಕಂಡಕ್ಟರ್ ಕರೆದರೆ ನಾನು ಮೊದಲು ಕಿಟಕಿಯಿಂದ ಇಣುಕುತ್ತೇನೆ. ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ, ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ. ಇತ್ತೀಚೆಗೆ ಒಂದಾರು ತಿಂಗಳಿಂದ ಮಂಗಳ, "ನಿಮ್ ಕಣ್ ತೋರ್ಸ್ಕಂಡ್ ಬನ್ನಿ, ಉಣಸೂರಲ್ಲಿ ಒಳ್ಳೆ ಡಾಕ್ಟ್ರವ್ರಂತೆ" ಎಂದು ಬೆನ್ನು ಹತ್ತಿದ್ದಳು. ನನ್ನ ಕಣ್ಣಿಗೆ ಏನಾಗಿದೆ? ಕೂದಲೆಳೆಯಷ್ಟು ತಂತಿಯ ಮೇಲಿನ ಗೀರು ಕಾಣುವ ಕಣ್ಣು ಇದು. ಇವಳು ಇದ್ದಕ್ಕಿದ್ದಂತೆ ನನ್ನ ಕಣ್ಣಿನ ಬಗ್ಗೆ ಇಷ್ಟು ಕಾಳಜಿ ತೋರಿಸಬೇಕಾದರೆ ಅದರ ಹಿಂದೆ ಏನೋ ಇದೆ ಎಂದು ನಾನು ಕನ್ನಡಕದ ಅಂಗಡಿಯವನಿಂದ ಹಿಡಿದು ಅವಳ ತಮ್ಮನವರೆಗೆ ಎಲ್ಲರ ಮೇಲೂ ಒಂದೊಂದು ಸುತ್ತು ಅನುಮಾನಪಟ್ಟೆ.

ಈ ಗುಣ ಇವತ್ತಿನದಲ್ಲ. ನಮ್ಮೂರು ಹೊಸ ಅಗ್ರಹಾರದ ಹತ್ತಿರದ ಒಂದು ಹಳ್ಳಿ. ಎರಡನೆಯ ಕ್ಲಾಸಿನಲ್ಲಿ ನನ್ನ ಬಳಪ ದಿನದಿನಕ್ಕೆ ಗಿಡ್ಡವಾಗುತ್ತ ಹೋಯಿತು. ಪಕ್ಕದಲ್ಲಿ ಕೂರುತ್ತಿದ್ದವನು ನಿಂಗ. ಕದ್ದು ಮುರಿದುಕೊಳ್ಳುವವನು ಅವನೇ ಎಂದು ನಿಶ್ಚಯಿಸಿ ಮೇಷ್ಟ್ರಿಗೆ ಹೇಳಿದೆ. ನಿಂಗನಿಗೆ ಎರಡು ಏಟು ಬಿತ್ತು. ಆ ದಿನ ಮನೆಗೆ ಬಂದಾಗ ಅವ್ವ ನನ್ನ ಬಾಯಿ ಹಿಡಿದು ನೋಡಿ, "ಎಷ್ಟ್ ಬಳಪ ತಿಂದೀಯ್ಲಾ, ನಾಲ್ಗೆಲ್ಲ ಬೆಳ್ಗಾಗ್ಬುಟ್ಟದಲ್ಲ" ಎಂದಳು. ಲೆಕ್ಕ ಮಾಡುವಾಗ ಯೋಚಿಸುತ್ತ ಯೋಚಿಸುತ್ತ ಕಡಿಯುತ್ತಿದ್ದವನು ನಾನೇ. ಅದನ್ನು ನಿಂಗನಿಗೆ ನಾನು ಹೇಳಲಿಲ್ಲ. ಮರುದಿನ ಬೇರೆ ಕಡೆ ಹೋಗಿ ಕೂತೆ.

ಈಗ ಸಿಂಚನಳ ವಿಷಯಕ್ಕೆ ಬರುತ್ತೇನೆ. ಇವಳು ನನ್ನ ಅಕ್ಕನ ಮಗಳು. ಐಟಿಐ ಓದಿ ಮುಗಿಸಿ, "ಮಾವ, ನಿಮ್ ತಾವ್ ಕೆಲ್ಸ ಕಲೀತೀನಿ" ಎಂದು ಬಂದು ಒಂದು ವರ್ಷವಾಯಿತು. ಹೆಣ್ಣುಹುಡುಗಿ ಮೋಟರ್ ಅಂಗಡಿಯಲ್ಲೇ ಎಂದು ಬಂದ ರೈತರೆಲ್ಲ ಒಂದು ತಿಂಗಳು ನೋಡಿದರು, ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳತೊಡಗಿದರು. ಕೈ ಚುರುಕು, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ, ಒಳಗೆ ಏನಿಟ್ಟುಕೊಂಡಿದ್ದಾರೋ ಎನಿಸುತ್ತದೆ. ಒಂದು ವರ್ಷ ಅವಳಿಗೆ ಬೇರಿಂಗ್ ತೊಳೆಯುವುದು, ಸುಟ್ಟ ತಂತಿ ಕೀಳುವುದು, ಸುತ್ತಿದ ತಂತಿಗೆ ವಾರ್ನಿಷ್ ಹಚ್ಚುವುದು ಇಷ್ಟನ್ನೇ ಕೊಟ್ಟೆ. ಸುತ್ತುವುದಕ್ಕೆ ಕೂರಿಸಲಿಲ್ಲ.

ಕಳೆದ ತಿಂಗಳು ಗಮನಿಸಿದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ಇವಳು ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲನ್ನು ವಾರ್ನಿಷ್ ಡಬ್ಬಕ್ಕೆ ಒರಗಿಸಿ ಕೂರುತ್ತಾಳೆ. ನನ್ನ ನೋಟ್‌ಬುಕ್ ಇರುವುದು ಆ ಡಬ್ಬ ಇಡುವ ಕಪಾಟಿನಲ್ಲೇ. ಮೊಬೈಲಿನ ಹಿಂದೆ ಕ್ಯಾಮರಾ ಇರುತ್ತದೆ ಎಂಬುದು ನನಗೇನು ಗೊತ್ತಿಲ್ಲವೇ? ಮೂರು ದಿನ ಪತ್ತೇದಾರಿಕೆ ಮಾಡಿದೆ. ನೀರು ಕುಡಿಯುವ ನೆಪದಲ್ಲಿ ಎದ್ದೆ, ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬಗ್ಗಿದೆ. ಮೂರನೆಯ ದಿನ ಬೆನ್ನ ಹಿಂದೆಯೇ ಹೋಗಿ ನಿಂತೆ. ಮೊಬೈಲಿನಲ್ಲಿ ಹಿಮ ಬೀಳುತ್ತಿತ್ತು. ಮೂಗಿಗಿಂತ ಕಣ್ಣು ದೊಡ್ಡದಾದ ಒಬ್ಬ ಹುಡುಗ ಗುಡ್ಡದ ಮೇಲೆ ಒಬ್ಬನೇ ನಿಂತಿದ್ದ.

"ಏನವ್ವಾ ಅದು?" ಎಂದೆ.

"ನಿಂಜಾದು ಕಣ್ ಮಾವ. ಜಪಾನಿಂದು, ಅನಿಮೆ."

"ಕಾರ್ಟೂನಾ?"

"ಕಾರ್ಟೂನ್ ಅನ್ಬ್ಯಾಡಿ. ಬೇಜಾರಾಯ್ತದೆ."

"ಯಾರ್ಗೆ, ಜಪಾನ್ನೋರ್ಗಾ?"

"ನಂಗೆ" ಎಂದಳು.

ನಾನು ಮುದ್ದೆಯ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ನೋಡಬೇಕೆಂದಲ್ಲ. ಕ್ಯಾಮರಾ ಯಾವ ಕಡೆ ತಿರುಗಿದೆ ಎಂದು ನೋಡಬೇಕಿತ್ತು. ಅವಳು ಒಂದು ವೈರನ್ನು ನನ್ನ ಕಿವಿಗೆ ಕೊಟ್ಟಳು. ಅದರೊಳಗೆ ಜಪಾನಿ ಮಾತು, ಕೆಳಗೆ ಇಂಗ್ಲಿಷಿನ ಅಕ್ಷರ, ಪಕ್ಕದಲ್ಲಿ ಸಿಂಚನಳ ಕನ್ನಡ. ಮುಖವೇ ಕಾಣದ ಹಾಗೆ ಹುಲ್ಲಿನ ಟೋಪಿ ಹಾಕಿಕೊಂಡ ಒಬ್ಬ ಗುರು ಅರ್ಧ ನಿಮಿಷ ಒಂದೇ ಸಮನೆ ಮಾತಾಡಿದ.

"ಏನಂದ?"

"ಹಿಮ ಕರ್ಗೋವರ್ಗೂ ಒಬ್ನೇ ಇರು ಅಂದ."

"ಅಷ್ಟುದ್ದ ಮಾತಾಡ್ದ, ನೀನು ಇಷ್ಟೇ ಯೋಳ್ತೀಯಲ್ಲ. ಮಿಕ್ಕಿದ್ದೇನು?"

"ಮಿಕ್ಕಿದ್ದೂ ಅದೇ ಕಣ್ ಮಾವ."

ನನಗೆ ನಂಬಿಕೆ ಬರಲಿಲ್ಲ. ಗುರುವಿನ ಮೇಲೂ ಬರಲಿಲ್ಲ, ಅನುವಾದದ ಮೇಲೂ ಬರಲಿಲ್ಲ. ಕಥೆ ಇಷ್ಟು: ಹುಡುಗನಿಗೆ ಹಿಂದೆ ಮುಂದೆ ಯಾರಿಲ್ಲ. ನಿಂಜಾ ವಿದ್ಯೆ, ಎಂದರೆ ಕಣ್ಣಿಗೆ ಬೀಳದೆ ಕಾದಾಡುವ ವಿದ್ಯೆ, ಕಲಿಸುತ್ತೇನೆಂದು ಕರೆದುಕೊಂಡು ಹೋದ ಗುರು ಅವನನ್ನು ಗುಡ್ಡದ ಮೇಲಿನ ಗುಡಿಸಲಿನಲ್ಲಿ ಬಿಟ್ಟು ಹೊರಟುಹೋಗುತ್ತಾನೆ. ಚಳಿಗಾಲ ಪೂರ್ತಿ ಯಾರ ಜೊತೆಗೂ ಮಾತಿಲ್ಲ. ಹುಡುಗ ಒಂದು ಮರದ ತುಂಡಿಗೆ ಕಣ್ಣು ಬಾಯಿ ಕೆತ್ತಿ ಅದರೊಂದಿಗೆ ಮಾತಾಡುತ್ತಾನೆ. ದಿನಾ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಒಂದು ಹೊರೆ ಒಡೆದ ಸೌದೆ ಇರುತ್ತದೆ, ಯಾರು ತಂದಿಟ್ಟರೋ ತಿಳಿಯುವುದಿಲ್ಲ.

"ಆ ಸೌದೆ ಮುಟ್ಬಾರ್ದು ಅವ್ನು" ಎಂದೆ. "ಏನೋ ಸವ್ರಿರ್ತಾರೆ ಅದ್ಕೆ."

"ನಿಮ್ಗೆ ಎಲ್ರ ಮ್ಯಾಲೂ ಅನ್ಮಾನ."

"ಆ ಟೋಪಿಯೋನು ಕೈ ಕೊಡ್ತಾನೆ ನೋಡ್ತಾ ಇರು. ಮೊಕ ತೋರ್ಸ್ದೆ ಇರೋನ್ನ ಎಂಗೆ ನಂಬೋದು?"

ಎರಡು ದಿನದ ಊಟದಲ್ಲಿ ಆ ಕಂತು ಮುಗಿಯಿತು. ಹಿಮ ಕರಗಿತು, ಹುಡುಗ ಇಳಿದು ಬಂದ. ಗುಡ್ಡದ ಮೊದಲ ತಿರುವಿನಲ್ಲೇ, ಗುಡಿಸಲಿನಿಂದ ಒಂದು ಕೂಗಿನಷ್ಟು ದೂರದಲ್ಲಿ, ಸೂರೂ ಇಲ್ಲದ ಒಂದು ಬಂಡೆಯ ಮರೆಯಲ್ಲಿ ಆರಿದ ಬೂದಿ, ಒಂದು ಕೊಡಲಿ, ಆ ಹುಲ್ಲಿನ ಟೋಪಿ. ಚಳಿಗಾಲವೆಲ್ಲ ಗುರು ಅಲ್ಲೇ ಇದ್ದ. ಸಿಂಚನ ತೋಳಿನಿಂದ ಮೂಗು ಒರೆಸಿಕೊಂಡಳು. ನನ್ನ ಕಣ್ಣಿಗೂ ಏನೋ ಆಯಿತು, ಅವಳ ಡಬ್ಬಿಯ ಸಾರಿಗೆ ನನ್ನ ಅಕ್ಕ ಖಾರ ಜಾಸ್ತಿ ಹಾಕುತ್ತಾಳೆ.

"ನೋಡುದ್ರಾ? ಬುಟ್ಟೋಗಿರ್ಲಿಲ್ಲ. ಕಾಯ್ತಾ ಇದ್ದ" ಎಂದಳು.

"ಕಾಯ್ತಾ ಇದ್ನೋ, ಇವ್ನು ಏನ್ ಮಾಡ್ತಾನೆ ಅಂತ ಕದ್ದು ನೋಡ್ತಾ ಇದ್ನೋ, ಯಾರ್ ಕಂಡೋರು?"

ಅವಳು ವೈರು ಸುತ್ತಿ ಎತ್ತಿಟ್ಟಳು. ಆ ಮಧ್ಯಾಹ್ನ ನನಗೆ ಕೆಲಸ ಸಾಗಲಿಲ್ಲ. ಆ ಟೋಪಿಯ ಬದಲು ಕಣ್ಣಿಗೆ ಬರುತ್ತಿದ್ದದ್ದು ಒಂದು ಜೊತೆ ಚಪ್ಪಲಿ. ಟಯರಿನ ಅಟ್ಟೆ, ಎಡಗಾಲಿನ ಉಂಗುಟಕ್ಕೆ ತಾಮ್ರದ ತಂತಿಯ ಹೊಲಿಗೆ.

ಅವು ಜವರಪ್ಪ ಮೇಸ್ತ್ರಿಯವರ ಚಪ್ಪಲಿ. ಕೆ.ಆರ್. ನಗರದಲ್ಲಿ ಅವರ ಅಂಗಡಿ. ಸುಮಾರು ಮೂವತ್ತು ವರ್ಷದ ಹಿಂದೆ ನಾನು ಅವರಲ್ಲಿ ಕೆಲಸ ಕಲಿತೆ. ಪರದೆಯ ಕಟ್ಟಳೆ ಅವರದು, ನಾನು ಅದನ್ನು ಹಾಗೆಯೇ ಎತ್ತಿಕೊಂಡು ಬಂದವನು. ಸುತ್ತುವ ಯಂತ್ರಕ್ಕೆ ಒಂದು ಕೈಹಿಡಿ ಇರುತ್ತದೆ; ತಿರುಗಿಸಿದರೆ ಒಂದು ಸುತ್ತಿಗೆ ಒಂದು ಸಲ ಕೀರ್ ಎನ್ನುತ್ತದೆ. ಅದಕ್ಕೆ ಎಣ್ಣೆ ಹಾಕಬಾರದು ಎಂಬುದೂ ಅವರ ಕಟ್ಟಳೆಯೇ. "ಸುತ್ತು ತೋರ್ಸೋ ಮುಳ್ಳಿನ ಮೀಟ್ರು ಜಾರ್ತದೆ ಕಣ್ಲಾ, ಕಿವಿ ಜಾರಕಿಲ್ಲ" ಎನ್ನುತ್ತಿದ್ದರು. ಸಿಂಚನ ನಂಬರು ಮೂಡುವ ಹೊಸ ಮೀಟರಿನ ಬಗ್ಗೆ ಹೇಳಿದಾಗ ನಾನೂ ಇದೇ ಮಾತನ್ನು ಹೇಳಿದೆ. ನನ್ನದೇ ಮಾತು ಎಂಬಂತೆ ಹೇಳಿದೆ.

ಪರದೆಯೊಳಗೆ ಕೂತು ಎಣಿಸುವುದಿದೆಯಲ್ಲ, ಅದು ಬಹಳ ಒಂಟಿ ಕೆಲಸ. ಹೊರಗೆ ಬಸ್ಸಿನ ಹಾರನ್ನು, ಕಾಫಿ ಅಂಗಡಿಯ ನಗು ಎಲ್ಲ ಇದ್ದರೂ ನಿಮ್ಮ ಪಾಲಿಗೆ ಇರುವುದು ಒಂದು ಕೀರ್, ಒಂದು ಅಂಕಿ. ಒಮ್ಮೆ ಬೈಲಕುಪ್ಪೆಯ ಟಿಬೆಟನ್ ಮಠದಿಂದ ವಯಸ್ಸಾದ ಲಾಮಾ ಒಬ್ಬರು ನನ್ನಲ್ಲಿಗೆ ಮೋಟರ್ ತಂದಿದ್ದರು. ನಾನು ಒಳಗೆ ಸುತ್ತುತ್ತಿದ್ದೆ, ಅವರು ಹೊರಗೆ ಬೆಂಚಿನ ಮೇಲೆ. ಅವರ ತುಟಿಯಿಂದ ಗೊಣಗೊಣ ಕೇಳಿಸಿತು. ನನ್ನ ಕೀರ್ ಕೀರ್ ಕೇಳಿಸಿಕೊಂಡು ಲೆಕ್ಕ ಕದಿಯುತ್ತಿದ್ದಾರೆ ಎಂದು ಪರದೆ ಸರಿಸಿ ಹೊರಗೆ ಬಂದು, "ಏನ್ ಸ್ವಾಮಿ ಎಣಿಸ್ತಾ ಇದೀರಿ?" ಎಂದೆ. ಅವರು ಜಪಮಾಲೆ ಎತ್ತಿ ತೋರಿಸಿ ನಕ್ಕರು. "ನಿಮ್ದು ಅಲ್ಲ, ನಂದು. ಈಗ ಮರ್ತು ಹೋಯ್ತು. ಮತ್ತೆ ಒಂದರಿಂದ" ಎಂದರು. ನನ್ನದೂ ಮರೆತುಹೋಗಿತ್ತು. ಇಬ್ಬರೂ ಒಂದರಿಂದ ಶುರು ಮಾಡಿದೆವು.

ಜವರಪ್ಪ ಮೇಸ್ತ್ರಿಯ ನೋಟ್‌ಬುಕ್ಕಿನ ಬಗ್ಗೆ ಕೆ.ಆರ್. ನಗರದ ಕಾಫಿ ಅಂಗಡಿಯಲ್ಲಿ ಒಂದು ಸುದ್ದಿ ಇತ್ತು. "ನಿಮ್ ಮೇಸ್ತ್ರಿ ಬಲೇ ಗಟ್ಟಿಗ ಕಣ್ಲಾ. ಯಾರೂ ಕದೀಬಾರ್ದು ಅಂತ ಬುಕ್ಕಲ್ಲಿ ಆರು ಸುತ್ತು ಜಾಸ್ತಿ ಬರ್ದಿಟ್ಟವ್ನೆ" ಎಂದು ಕಾಫಿ ಅಂಗಡಿಯವನು ಒಂದು ದಿನ ನನ್ನ ಕಿವಿಯಲ್ಲಿ ಹೇಳಿದ. ಅವನಿಗೆ ಹೇಗೆ ಗೊತ್ತು ಎಂದು ಕೇಳಬೇಕಿತ್ತು. ಎಲ್ಲರನ್ನೂ ಅನುಮಾನಿಸುವ ನಾನು ಆ ಒಂದು ಮಾತನ್ನು ಮಾತ್ರ ಅನುಮಾನಿಸಲಿಲ್ಲ. ಅದು ನನ್ನ ಸ್ವಭಾವಕ್ಕೆ ಹೇಳಿ ಹೊಲಿಸಿದ ಅಂಗಿಯಂತಿತ್ತು.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಮೇಸ್ತ್ರಿ ನನ್ನ ಮುಂದೆ ಒಂದು ಮೋಟರ್ ಇಟ್ಟರು. ನಮ್ಮೂರ ಪಕ್ಕದ ರೈತನದು. ನಾಟಿಗೆ ಸಸಿ ಮಡಿ ಮಾಡಿಕೊಂಡಿದ್ದ, ನೀರು ಬೇಕಿತ್ತು. ಒಳಗಿನ ತಂತಿ ಇದ್ದಿಲು. ಮೇಸ್ತ್ರಿ ತಮ್ಮ ನೋಟ್‌ಬುಕ್ಕನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟು, "ಇದ್ನ ನೀನೇ ಸುತ್ತು. ಬುಕ್ ನೋಡ್ಕೊ" ಎಂದರು.

ಬುಕ್ಕಿನಲ್ಲಿ ನಲವತ್ತೆಂಟು ಎಂದಿತ್ತು. ನಾನು ಆರು ಕಳೆದೆ. ಪರದೆ ಎಳೆದುಕೊಂಡು ಕೂತು ಮೊದಲ ಸುರುಳಿ ಸುತ್ತತೊಡಗಿದೆ. ಶುರುವಿನಲ್ಲೇ ಪರದೆಯ ಕೆಳಗೆ ಆ ಚಪ್ಪಲಿ ಬಂದು ನಿಂತವು. ನಾನು ನಲವತ್ತೆರಡಕ್ಕೆ ಕೈ ನಿಲ್ಲಿಸಿದೆ. ಚಪ್ಪಲಿ ಇನ್ನೂ ನಿಂತೇ ಇದ್ದವು. ಇನ್ನೇನೋ ಬರಬೇಕು ಎಂದು ಕಾಯುವವರ ಹಾಗೆ.

ಆಮೇಲೆ ಹೊರಗಿನಿಂದ ಕೇಳಿದರು, "ಎಷ್ಟಕ್ ನಿಲ್ಸ್ದೆ?"

"ಬುಕ್ಕಲ್ಲಿರೋವಷ್ಟೇ ಮೇಸ್ತ್ರಿ" ಎಂದೆ.

"ಸರಿ ಬುಡು" ಎಂದರು. ಚಪ್ಪಲಿ ಹೋದವು.

ಈ ಕಥೆಯನ್ನು ನಾನು ಮಂಗಳಳಿಗೂ ಇಷ್ಟು ದಿನ ಅರ್ಧವೇ ಹೇಳಿದ್ದೆ. ಮೇಸ್ತ್ರಿ ಪುಸ್ತಕದಲ್ಲಿ ಮೋಸ ಬರೆದಿಟ್ಟಿದ್ದರು, ನಾನು ಮೋಸ ಹೋದೆ ಎಂದೇ ಅವಳು ನಂಬಿದ್ದಳು. ಉಳಿದ ಅರ್ಧ ಇದು. ಮೋಟರ್ ಎರಡನೆಯ ದಿನ ಹೊಗೆ ಬಿಟ್ಟಿತು. ರೈತ ಅದನ್ನು ಹೊತ್ತು ತಂದು ಅಂಗಡಿಯ ಮುಂದೆ ಕುಕ್ಕಿ, ಮೇಸ್ತ್ರಿಗೆ ಬಾಯಿಗೆ ಬಂದಂತೆ ಬೈದ. ಮೇಸ್ತ್ರಿ ಸುಟ್ಟ ಸುರುಳಿಯೊಂದನ್ನು ಕತ್ತರಿಸಿ, ಎಳೆಗಳನ್ನು ಅಂಗೈಯಲ್ಲಿ ಹರಡಿ, ಉಗುರಿನಿಂದ ಒಂದೊಂದಾಗಿ ಸರಿಸಿದರು. ನಾನು ನೋಡುತ್ತಿದ್ದೆ. ಕೊನೆಯ ಎಳೆ ಸರಿಸಿ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ರೈತನಿಗೆ, "ತೆಪ್ಪು ನಂದೇ ಕಣಪ್ಪ. ವಾರ್ನಿಸು ಒಣಗಿರ್ನಿಲ್ಲ" ಎಂದರು. ಅವತ್ತೇ ತಾವೇ ಕೂತು, ಅದೇ ಬುಕ್ಕು ಬಿಚ್ಚಿಟ್ಟುಕೊಂಡು, ನಲವತ್ತೆಂಟು ಸುತ್ತಿ ಕೊಟ್ಟರು. ಆ ಮೋಟರ್ ಎಷ್ಟೋ ವರ್ಷ ಓಡಿತು. ಬುಕ್ಕಿನಲ್ಲಿ ಸುಳ್ಳಿರಲಿಲ್ಲ.

ನನಗೆ ಅವರು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು 'ಬಾರ್ಲಾ' ಎಂದು ಕರೆದಾಗಲೆಲ್ಲ ಇವತ್ತು ಕೇಳುತ್ತಾರೆ ಎಂದುಕೊಳ್ಳುತ್ತಿದ್ದೆ. ಕೇಳದೆ 'ಕಾಫಿ ತಕ್ಕಂಬಾ' ಎಂದರೆ, ಇದರಲ್ಲಿ ಏನೋ ಇದೆ ಎನಿಸುತ್ತಿತ್ತು. ಪರದೆಯ ಹೊರಗೆ ನಿಂತು ಅವರೂ ಎಣಿಸುತ್ತಿದ್ದರೇ? ನಲವತ್ತೆರಡು ಎಂದು ಕಿವಿಗೆ ಬಿದ್ದಿದ್ದರೂ ನನ್ನ ಮಾತನ್ನು ನಂಬಿದರೇ, ಇಲ್ಲ ಇವನು ಸುಟ್ಟುಕೊಂಡೇ ಕಲಿಯಲಿ ಎಂದು ಬಿಟ್ಟರೇ? ಒಂದು ತಿಂಗಳಲ್ಲಿ ಅವ್ವನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಬಿಟ್ಟು ಬಂದೆ. ಅವರ ಹೆಸರು ಹೇಳದೆ ಪಿರಿಯಾಪಟ್ಟಣದಲ್ಲಿ ಅಂಗಡಿ ಹಾಕಿದೆ. ಮೇಸ್ತ್ರಿ ಈಗಲೂ ಅಲ್ಲೇ ಇದ್ದಾರಂತೆ, ಅಂಗಡಿಗೂ ಬರುತ್ತಾರಂತೆ. ಇಲ್ಲಿಂದ ಕೆ.ಆರ್. ನಗರ ಎಷ್ಟು ಮಹಾ ದೂರ. ನಾನು ಹೋಗಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಅಂಗಡಿ ಹಾಕಿದ ಮೊದಲ ದಿನವೇ ನಾನೊಂದು ನೋಟ್‌ಬುಕ್ ತಂದೆ. ಅದರ ಮೊದಲ ಪುಟದಲ್ಲಿ, ಅದೇ ಬಗೆಯ ಮೋಟರಿನ ಮುಂದೆ, ನಲವತ್ತೆರಡು ಎಂದು ಬರೆದೆ. ಆಮೇಲೆ ಪ್ರತಿಯೊಂದು ಮೋಟರಿಗೂ ಆರು ಕಡಿಮೆ. ಓದುವಾಗ ನಾನು ಆರು ಸೇರಿಸಿಕೊಳ್ಳುತ್ತೇನೆ. ಕದ್ದವನ ಮೋಟರ್ ಸುಡಲಿ ಎಂದು ಹಾಗೆ ಮಾಡಿದೆ. ಮೇಸ್ತ್ರಿ ಮಾಡದೆ ಇದ್ದ ಮೋಸವನ್ನು ಮೂವತ್ತು ವರ್ಷ ನಾನು ಮಾಡಿಕೊಂಡು ಬಂದೆ. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕದಿಯಲಿಲ್ಲ ಎಂಬುದು ಬೇರೆ ಮಾತು. ಯಾರಾದರೂ ಕದಿಯುವಷ್ಟು ಹತ್ತಿರ ನಾನು ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಗುಡ್ಡದ ಮೇಲೆ ನನ್ನನ್ನು ಯಾರೂ ಬಿಟ್ಟು ಹೋಗಿರಲಿಲ್ಲ, ನಾನೇ ಹತ್ತಿ ಕೂತಿದ್ದೆ.

ಮೊನ್ನೆ ಗುರುವಾರ ಅದೇ ಲಾಮಾ ಮತ್ತೆ ಬಂದರು. ಮೂರು ಫೇಸಿನಲ್ಲಿ ಒಂದು ಫೇಸ್ ಕರೆಂಟ್ ಹೋಗಿದ್ದಾಗ ಗೊತ್ತಾಗದೆ ಓಡಿಸಿ ಅವರ ಅಡುಗೆಮನೆಯ ನೀರಿನ ಮೋಟರ್ ಸುಟ್ಟಿತ್ತು. ನಾನೇ ಹಿಂದೆ ಸುತ್ತಿ ಕೊಟ್ಟ ಮೋಟರ್, ನನ್ನ ಬುಕ್ಕಿನ ಮೊದಲ ಪುಟದ ಬಗೆಯದು. ಅವರು ಹೋದ ಮೇಲೆ ಸಿಂಚನ ಕೈ ಒರೆಸಿಕೊಂಡು ಬಂದು ನನ್ನ ಮುಂದೆ ನಿಂತಳು.

"ಮಾವ, ಮೈಸೂರಲ್ಲಿ ಒಂದ್ ಫ್ಯಾಕ್ಟ್ರಿಯಿಂದ ಕೆಲ್ಸಕ್ಕೆ ಕರ್ದವ್ರೆ. ಬತ್ತೀನೋ ಇಲ್ವೋ ಅಂತ ಸೋಮ್ವಾರ ಯೋಳ್ಬೇಕು."

ನನ್ನ ಬಾಯಿಗೆ ಬಂದದ್ದು, "ಓ, ಅದ್ಕೇಯಾ ಮೊಬೈಲು" ಎಂಬ ಮಾತು.

"ಒಂದ್ ವರ್ಷಾಯ್ತು. ಬರೀ ಬೇರಿಂಗ್ ತೊಳ್ದಿದ್ದೇ ಆಯ್ತು. ನಂಗೆ ಇಲ್ಲೇ ಇರೋಕ್ ಇಷ್ಟ. ನಿಮ್ಗೆ ನನ್ ಮ್ಯಾಲೆ ನಂಬ್ಕೆ ಇಲ್ದಿದ್ರೆ ಯೋಳ್ಬುಡಿ, ಓಯ್ತೀನಿ."

ಅವಳು ಹೋಗುವುದು ನನಗೆ ಬೇಡವಾಗಿತ್ತು. ಅಷ್ಟು ಬೇಡವಾಗಿತ್ತು ಎಂಬುದು ನನಗೂ ಆ ಗಳಿಗೆಯಲ್ಲೇ ತಿಳಿದದ್ದು. ಕಪಾಟಿನಿಂದ ನೋಟ್‌ಬುಕ್ ತೆಗೆದು ಅವಳ ಕೈಗಿಟ್ಟು, "ಲಾಮಾದ್ನ ನೀನೇ ಸುತ್ತು. ಬುಕ್ ನೋಡ್ಕೊ" ಎಂದೆ. ಹೇಳಿದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ಅವಳ ಮುಖ ಅರಳಿತ್ತು. ಆ ಮುಖ ನೋಡಿಕೊಂಡು, 'ಅದರಲ್ಲಿರುವುದೆಲ್ಲ ಸುಳ್ಳು, ಆರು ಸೇರಿಸಿಕೊ' ಎಂದು ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡೆ. ಇಡೀ ಸಂಜೆ ಅವಳು ಸುಟ್ಟ ತಂತಿ ಕೀಳುತ್ತಿದ್ದಳು, ನಾನು ನಾಳೆ ಹೇಳುವ ಮಾತನ್ನು ಹೊಂದಿಸುತ್ತಿದ್ದೆ.

ಶುಕ್ರವಾರ ನಾನು ಮನೆಯ ಬೀಗ ಜಗ್ಗಿ ಜಗ್ಗಿ ತಡವಾಗಿ ಹೋಗುವಷ್ಟರಲ್ಲಿ, ಹಿಂದಿನ ಸಂಜೆ ನನ್ನಿಂದ ಇಸಿದುಕೊಂಡ ಬೀಗದಕೈಯಿಂದ ಅಂಗಡಿ ತೆರೆದು ಅವಳು ಪರದೆ ಎಳೆದುಕೊಂಡು ಕೂತಾಗಿತ್ತು. ಕೀರ್, ಕೀರ್. ನಾನು ಪರದೆಯ ಹೊರಗೆ ನಿಂತೆ. ಒಳಗಿನ ಸದ್ದಿಗೆ ಸರಿಯಾಗಿ ನನ್ನ ತುಟಿ ಅಲ್ಲಾಡತೊಡಗಿತು. ಅವಳು ಆಗಲೇ ಎಷ್ಟು ಸುತ್ತಿದ್ದಳೋ ಗೊತ್ತಿಲ್ಲ. ಹತ್ತಾಯಿತು, ಇಪ್ಪತ್ತಾಯಿತು. ಜವರಪ್ಪ ಮೇಸ್ತ್ರಿ ಹೀಗೆ ನಿಂತದ್ದು ನನ್ನನ್ನು ಕಾಯಲಿಕ್ಕೋ, ನನ್ನ ಮೇಲೆ ಕಣ್ಣಿಡಲಿಕ್ಕೋ ಎಂದು ಮೂವತ್ತು ವರ್ಷ ಕೇಳಿಕೊಂಡಿದ್ದೆ. ಈಗ ನೀನು ಯಾಕೆ ನಿಂತಿದ್ದೀಯ ಎಂದು ಯಾರಾದರೂ ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ. ಮೋಟರ್ ಸುಡುತ್ತದೆ, ಲಾಮಾ ಹೊತ್ತು ತರುತ್ತಾರೆ, ನಾನು ವಾರ್ನಿಷ್ ಒಣಗಿರಲಿಲ್ಲ ಎನ್ನುತ್ತೇನೆ, ಈ ಹುಡುಗಿ ತನ್ನ ಕೈಯನ್ನೇ ನಂಬದ ಹಾಗಾಗಿ ಮೈಸೂರಿನ ಬಸ್ಸು ಹತ್ತುತ್ತಾಳೆ. ಇಷ್ಟೂ ಕಣ್ಣ ಮುಂದೆ ಬಂತು.

ನಾನು ಪರದೆ ಸರಿಸಿದೆ. ಹುಟ್ಟಿದಂದಿನಿಂದ ಎಣಿಸುವವರನ್ನು ಮಾತಾಡಿಸಿದ್ದು, ಆ ಲಾಮಾ ಆದ ಮೇಲೆ, ಅದೇ ಎರಡನೆಯ ಸಲ.

"ನಿಲ್ಸವ್ವಾ" ಎಂದೆ.

ಅವಳು ಬೆಚ್ಚಿ ಕೈ ಬಿಟ್ಟಳು. "ಮಾವಾ! ಎಣಿಸ್ತಾ ಇವ್ನಿ!"

"ಬುಕ್ಕಲ್ಲಿರೋದು ಸುಳ್ಳು ಕಣವ್ವ. ಎಲ್ಲಾನೂ ಸುಳ್ಳೇಯ. ಆರಾರು ಕಮ್ಮಿ ಬರ್ದಿದೀನಿ. ಯಾರಾರ ಕದ್ದಾರು ಅಂತ. ನೀನೂ ಕದ್ದೀಯ ಅಂತ ಅಂದ್ಕಂಡಿದ್ದೆ."

ಸಿಂಚನ ನನ್ನನ್ನೇ ನೋಡಿದಳು. ಕೋಪ ಬಂದಿದೆಯೋ ಅಳು ಬಂದಿದೆಯೋ ತಿಳಿಯಲಿಲ್ಲ. "ಬೇಕಂತಾನೇ ಬರ್ದಿದ್ರಾ?" ಎಂದಳು.

"ಊಂ."

"ನಿನ್ನೆ ತಂತಿ ಕೀಳೋವಾಗ ಹಳೇ ಸುತ್ತು ಎಣಿಸ್ದೆ ಮಾವ. ನಲವತ್ತೆಂಟಿತ್ತು. ಮೊದ್ಲೂ ಎಷ್ಟೋ ಮೋಟ್ರು ಎಣಿಸಿದೀನಿ. ಬುಕ್ ಒರೆಸಿಡೋವಾಗ ನೋಡಿದ್ದೆ, ಎಲ್ಲಾ ತಪ್ಪಿತ್ತು." ಯಂತ್ರದ ಕಡೆ ನೋಡುತ್ತ ಹೇಳಿದಳು, "ನಿಮ್ಗೆ ಕಣ್ ಸರ್ಯಾಗಿ ಕಾಣಕಿಲ್ವೇನೋ ಅಂದ್ಕಂಡೆ. ನಿಮ್ಗೆ ಯೋಳುದ್ರೆ ಬೇಜಾರಾಯ್ತದೆ ಅಂತ ಅತ್ತೆಗೆ ಯೋಳಿದ್ದೆ, ಡಾಕ್ಟ್ರಿಗೆ ತೋರ್ಸಿ ಅಂತ."

ಹುಣಸೂರಿನ ಡಾಕ್ಟರು, ಮಂಗಳಳ ಕಾಳಜಿ, ಕನ್ನಡಕದ ಅಂಗಡಿಯವನು, ಎಲ್ಲ ಒಟ್ಟಿಗೆ ನನ್ನ ಮುಂದೆ ಬಂದು ನಿಂತರು. ನಾನು ತಂತಿಯ ರೀಲಿನ ಮೇಲೆಯೇ ಕೂತುಬಿಟ್ಟೆ. ನನ್ನ ಮೋಸ ಕಣ್ಣೆದುರಿಗೆ ಇದ್ದರೂ ಈ ಹುಡುಗಿಗೆ ಅದು ಮೋಸ ಎಂದು ಹೊಳೆಯಲೇ ಇಲ್ಲ. ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ಅಂದುಕೊಂಡು ನನ್ನ ಮರ್ಯಾದೆ ಕಾಯುತ್ತ ಸುಮ್ಮನಿದ್ದಳು. ಅಂಗೈಯಲ್ಲಿ ಎಳೆ ಹರಡಿಕೊಂಡು ನನ್ನ ಕಡೆ ಒಂದು ಸಲ ನೋಡಿ ಸುಮ್ಮನಾದ ಇನ್ನೊಬ್ಬರು ನೆನಪಾದರು.

"ಫ್ಯಾಕ್ಟ್ರಿಗೆ ಓಯ್ತೀಯಾ?" ಎಂದು ಕೇಳಿದೆ.

"ಮೊದ್ಲು ಇದು ಓಡ್ಲಿ. ಆಮ್ಯಾಕ್ ಯೋಳ್ತೀನಿ." ಯಂತ್ರದ ಮೇಲಿನ ತಂತಿಯನ್ನು ಬಿಚ್ಚತೊಡಗಿದಳು. "ಮೂವತ್ತೊಂಬತ್ತಾಗಿತ್ತು ಕಣ್ ಮಾವ. ಎಲ್ಲಾ ತೆಪ್ಪೋಯ್ತು. ಪರದೆ ಎಳ್ದು ಆಚೆಗೋಗಿ."

ಇದು ನಿನ್ನೆಯ ಮಾತು. ಸೋಮವಾರ ಇನ್ನೂ ಬಂದಿಲ್ಲ. ಅವಳು 'ಆಮ್ಯಾಕ್' ಎಂದದ್ದರಲ್ಲಿ ಏನಿದೆ ಎಂದು ನಾನು ಈಗಲೂ ಯೋಚಿಸುತ್ತಿದ್ದೇನೆ, ಹುಟ್ಟುಗುಣ ಒಂದು ದಿನಕ್ಕೆ ಹೋಗುವುದಿಲ್ಲ. ನಾಳೆ ಭಾನುವಾರ ಕೆ.ಆರ್. ನಗರದ ಬಸ್ಸು ಹತ್ತುತ್ತೇನೆ ಎಂದು ಮಂಗಳಳಿಗೆ ಹೇಳಿದ್ದೇನೆ, ಯಾಕೆ ಎಂದು ಉಳಿದ ಅರ್ಧವನ್ನೂ ಹೇಳಿದ್ದೇನೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ನಿನ್ನೆ ಅವಳು ಹೇಳಿದ ಹಾಗೆ ನಾನು ಪರದೆ ಎಳೆದು, ನೋಟ್‌ಬುಕ್ ಮತ್ತು ಒಂದು ಪೆನ್ಸಿಲ್ ಹಿಡಿದುಕೊಂಡು ಹೊರಗೆ ಬಂದೆ. ಬೆಂಚಿನ ಮೇಲೆ ಕೂತು ಅಂಕಿಗಳನ್ನು ತಿದ್ದಬೇಕೆಂದಿದ್ದೆ. ಮೊದಲ ಪುಟದ ನಲವತ್ತೆರಡನ್ನು ಹೊಡೆದು ಹಾಕುವಷ್ಟರಲ್ಲಿ ಒಳಗೆ ಕೀರ್ ಎಂದಿತು. ನನಗೆ ಕೂರಲಾಗಲಿಲ್ಲ. ಎದ್ದು ಹೋಗಿ ಪರದೆಯ ಹತ್ತಿರ ನಿಂತೆ. ಒಂದು, ಎರಡು, ಮೂರು. ನಲವತ್ತೆರಡು ದಾಟಿತು. ಸದ್ದು ಮುಂದುವರಿದು, ತಕ್ಕ ಜಾಗದಲ್ಲಿ ನಿಂತಿತು. ನಾನು ಸದ್ದಿಲ್ಲದೆ ಹಿಂದೆ ಸರಿಯಬೇಕೆನ್ನುವಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಮಾವ, ಚಪ್ಪಲಿ ಕಾಣ್ತಾವೆ. ಎಷ್ಟಾಯ್ತು ನಿಮ್ ಲೆಕ್ಕ?"

"ನಲವತ್ತೆಂಟು ಕಣವ್ವ" ಎಂದೆ.